ಸೆಲಿನ್ ಬಿಚ್ಚಿಸಿದ ನಾಲ್ಕು ಟೈರು

೧೯೯೫ರ ಮಾರ್ಚ್ ತಿಂಗಳ ಮೊದಲ ಭಾನುವಾರ, ಸೆಲಿನ್ ಮಾರ್ಟಿಸ್ ಇಗರ್ಜಿಯ ಹಿಂದಿನ ಅಡುಗೆಕೋಣೆಯಲ್ಲಿ ಎಂಬತ್ತು ಚಹಾ ಲೋಟಗಳನ್ನು ತೊಳೆದು ಹೊರಗೆ ಬಂದಾಗ ಅವಳ ಕಾರಿನ ಸವೆದ ನಾಲ್ಕೂ ಟೈರುಗಳು ಬದಲಾಗಿದ್ದವು.

ನೈರೋಬಿಯ ಮಂಗಳೂರಿನವರಿಗೆ ತಿಂಗಳಿಗೊಮ್ಮೆ ಕೊಂಕಣಿ ಬಲಿಪೂಜೆ. ಪೂಜೆ ಮುಗಿದ ಮೇಲೆ ಗಂಡಸರು ಅಂಗಳದ ಜಕರಂಡಾ ಮರದ ಕೆಳಗೆ ನಿಂತು ಮಾತಾಡುತ್ತಾರೆ. ಹೆಂಗಸರು ಚಹಾ ಮಾಡಿ, ಹಂಚಿ, ಲೋಟ ತೊಳೆಯುತ್ತಾರೆ. ಯಾರ ಮಗಳಿಗೆ ಯಾವ ಕಾಲೇಜು, ಯಾರ ಮನೆಗೆ ಯಾವ ಕಾರು ಎಂಬುದೆಲ್ಲ ತೀರ್ಮಾನವಾಗುವುದು ಆ ಮರದ ಕೆಳಗೆ. ಲೋಟ ತೊಳೆಯುವ ಕಡೆಗೆ ಸುದ್ದಿ ಮಾತ್ರ ಬರುತ್ತದೆ.

"ನೋಡು, ನಿನಗೊಂದು ಸರ್‌ಪ್ರೈಸ್," ಎಂದ ಗಂಡ ಕಾಜಿಟನ್, ಟೈರಿಗೆ ಬೂಟಿನಿಂದ ಮೆಲ್ಲಗೆ ಒದ್ದು.

ಪಕ್ಕದಲ್ಲಿ ಅವನ ಗೆಳೆಯ ವಲೇರಿಯನ್ ನಿಂತಿದ್ದ. ಜಪಾನಿನಿಂದ ಹಳೆಯ ಕಾರುಗಳನ್ನು ತರಿಸಿ ಮಾರುವುದು ಅವನ ವ್ಯಾಪಾರ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾರ್ಡು. ಸೆಲಿನ್‌ಳ ಬಿಳಿ ಪುಟ್ಟ ಕಾರೂ ಅಲ್ಲಿಂದಲೇ ಬಂದದ್ದು.

"ಹಿಮದ ಟೈರು, ಸೆಲಿನ್ ಬಾಯಿ! ಜಪಾನಿನ ಉತ್ತರದಲ್ಲಿ ಮೊಣಕಾಲುದ್ದ ಹಿಮದಲ್ಲಿ ಓಡಿದ್ದು. ಹಿಮಕ್ಕೇ ಹೆದರದ್ದು ನಿಮ್ಮ ಆಸ್ಪತ್ರೆ ದಾರಿಯ ಕೆಸರಿಗೆ ಹೆದರ್ತದಾ?"

ಸೆಲಿನ್ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಗ್ಗಿ ನೋಡಿದಳು. ದಪ್ಪ ದಪ್ಪ ಕಚ್ಚು; ಅದರ ಮೇಲೆ ಬ್ಲೇಡಿನಿಂದ ಗೀರಿದಂತೆ ನೂರಾರು ಸಣ್ಣ ಸೀಳು. ನೋಡಲು ಬಲವಾಗಿಯೇ ಇತ್ತು.

"ಈ ಊರಲ್ಲಿ ಐಸ್ ಇರೋದು ನಮ್ಮ ಫ್ರಿಜ್ಜಲ್ಲಿ ಮಾತ್ರ, ವಲೇರಿಯನ್ ಬಾಬ್. ಅದನ್ನೂ ತಿಂಗಳಿಗೊಮ್ಮೆ ಕೆರೆದು ತೆಗೆಯೋದು ನಾನೇ. ನನ್ನನ್ನೊಂದು ಮಾತು ಕೇಳ್ಬಹುದಿತ್ತಲ್ಲ?"

"ಟೈರಿನ ವಿಷಯ ನಿನಗೆಂತ ಗೊತ್ತುಂಟು ಮಾರಾಯ್ತಿ?" ಎಂದ ಕಾಜಿಟನ್. ಮರದ ಕೆಳಗಿದ್ದವರೆಲ್ಲ ನಕ್ಕರು.

ಸೆಲಿನ್‌ಗೆ ಆಗ ನಲವತ್ತನಾಲ್ಕು. ಮಂಗಳೂರಿನಲ್ಲಿ ನರ್ಸಿಂಗ್ ಮುಗಿಸಿ, ಎರಡು ವರ್ಷ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ, ಮದುವೆಯಾಗಿ ಈ ಊರಿಗೆ ಬಂದವಳು. ಇಲ್ಲಿಯೂ ನಾಲ್ಕು ವರ್ಷ ಆಸ್ಪತ್ರೆಗೆ ಹೋದಳು. ಮಗಳು ಕ್ರಿಸ್ಟೀನ್ ಹುಟ್ಟಿದ ಮೇಲೆ ಬಿಟ್ಟಳು. ಊರಿನಿಂದ ಮಾಯಿ, ಅಂದರೆ ಅತ್ತೆ, ಬಂದ ಮೇಲೆ ಮತ್ತೆ ಹೋಗುವ ಮಾತೇ ಏಳಲಿಲ್ಲ. ಹೀಗೆ ನೈರೋಬಿಯ ಪಂಗಾನಿ ಬಡಾವಣೆಯ ಹಳೆಯ ಮನೆಯಲ್ಲಿ ಹದಿನೈದು ವರ್ಷ ಕಳೆದವು. ಈ ಹದಿನೈದು ವರ್ಷ ಅವಳೇನು ಮಾಡಿದಳು ಎಂದು ಕೇಳಿದರೆ ಕಾಜಿಟನ್ "ಮನೆಯಲ್ಲೇ ಇದ್ದಳು" ಎನ್ನುತ್ತಿದ್ದ. ಶಾಲೆ, ಸಂತೆ, ಅತ್ತೆಯ ಸಕ್ಕರೆ ಕಾಯಿಲೆಯ ಡಾಕ್ಟರು, ಗ್ಯಾಸ್ ಸಿಲಿಂಡರು, ಹೊಲಿಗೆಯವನು, ಕ್ರಿಸ್ಟೀನ್‌ಳ ಪಿಯಾನೋ ಕ್ಲಾಸು, ಹೀಗೆ ದಿನಕ್ಕೆ ಐದು ಸಲ ಕಾರು ತೆಗೆದು ಊರೆಲ್ಲ ಸುತ್ತುತ್ತಿದ್ದವಳು ಅವಳು. ಕಾಜಿಟನ್‌ಗೆ ಬಣ್ಣದ ಫ್ಯಾಕ್ಟರಿಯಿಂದ ಕಾರು ಕೊಟ್ಟಿದ್ದರು. ಮನೆಯಿಂದ ಫ್ಯಾಕ್ಟರಿ, ಫ್ಯಾಕ್ಟರಿಯಿಂದ ಮನೆ, ಅಷ್ಟೇ ಅವನ ದಾರಿ.

ಆ ವರ್ಷ ಫೆಬ್ರವರಿಯಲ್ಲಿ ಊರಾಚೆಯ ನ್ಜಿರುವಿನಲ್ಲಿ ಸಿಸ್ಟರುಗಳು ನಡೆಸುವ ಹೆರಿಗೆ ಮನೆಗೆ ನರ್ಸ್ ಬೇಕಾಗಿತ್ತು. ಅಲ್ಲಿನ ಮುಖ್ಯಸ್ಥೆ ಸಿಸ್ಟರ್ ಹೆಲನ್ ಸೆಲಿನ್‌ಳ ಹಳೆಯ ಸರ್ಟಿಫಿಕೇಟುಗಳನ್ನು ನೋಡಿ, ನೇರವಾಗಿ ಮಾತಾಡಿದ್ದರು.

"ಹಿಂದಿನ ಇಬ್ಬರೂ ಮಳೆ ಶುರುವಾದದ್ದೇ ಬರೋದು ನಿಲ್ಲಿಸಿದರು. ಹೆರಿಗೆ ಮಳೆ ನೋಡಿ ಆಗೋದಿಲ್ಲ. ಏಪ್ರಿಲ್ ಕೊನೆಯವರೆಗೆ ತಾತ್ಕಾಲಿಕ. ಅಷ್ಟು ದಿನವೂ ಬೆಳಿಗ್ಗೆ ಎಂಟಕ್ಕೆ ಇಲ್ಲಿದ್ದರೆ ಕೆಲಸ ಕಾಯಂ."

ಕಾಜಿಟನ್ ಬೇಡ ಎನ್ನಲಿಲ್ಲ. "ಮಳೆಯವರೆಗೆ ನೋಡು," ಎಂದಿದ್ದ. ಮಳೆ ಬಂದರೆ ಅವಳು ತಾನಾಗಿಯೇ ಮನೆಗೆ ಮರಳುತ್ತಾಳೆ ಎಂಬ ನಂಬಿಕೆ ಆ ಮಾತಿನಲ್ಲಿತ್ತು. ಅವಳು ಕೆಲಸಕ್ಕೆ ಸೇರಿ ತಿಂಗಳಾಗಿತ್ತು; ಈಗ ಹಿಮದ ಟೈರನ್ನೂ ಹಾಕಿಸಿಕೊಟ್ಟಿದ್ದ. ನಾಳೆ ಅವಳು ಸೋತರೆ, ಅಷ್ಟು ಒಳ್ಳೆಯ ಟೈರು ಕೊಡಿಸಿದರೂ ಇವಳಿಂದ ಆಗಲಿಲ್ಲ ಎಂದು ಮರದ ಕೆಳಗೆ ಹೇಳಲು ಏನೂ ಅಡ್ಡಿಯಿರಲಿಲ್ಲ. ಸೆಲಿನ್‌ಗೆ ಅದು ತಿಳಿಯದೆ ಇರಲಿಲ್ಲ.

ಸೋಮವಾರ ಎರಡು ಗಂಟೆಗೆ ಡ್ಯೂಟಿ ಮುಗಿಸಿ ವಾಪಸು ಬರುವಾಗ ಬಿಸಿಲಿಗೆ ಔಟರ್ ರಿಂಗ್ ರಸ್ತೆಯ ಟಾರು ಹೊಳೆಯುತ್ತಿತ್ತು. ತಿರುವಿನಲ್ಲಿ ಕಾರು ಮೆತ್ತನೆಯ ಹಾಸಿಗೆಯ ಮೇಲೆ ನಿಂತಂತೆ ಓಲಾಡಿತು. ಮುಂದೆ ಹೋಗುತ್ತಿದ್ದ ಮಟಾಟು, ಬಾಡಿಗೆಯ ಪುಟ್ಟ ಬಸ್ಸು, ದಾರಿಬದಿಯಲ್ಲಿ ಯಾರೋ ಕೈ ತೋರಿಸಿದ್ದೇ ಥಟ್ಟನೆ ನಿಂತಿತು. ಸೆಲಿನ್ ಬ್ರೇಕ್ ಒತ್ತಿದಳು. ಕಾರು ನಿಲ್ಲಬೇಕಾದ ಜಾಗ ದಾಟಿ, ಇನ್ನೂ ಮುಂದೆ ಜಾರಿ, ಮಟಾಟುವಿನ ಹಿಂಭಾಗಕ್ಕೆ ಒಂದು ಗೇಣು ಉಳಿದಾಗ ನಿಂತಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಗ್ಗಿ ನೋಡಿದ.

"ಮಾಮಾ, ಬ್ರೇಕನ್ನು ಮನೇಲೇ ಮರೆತು ಬಂದ್ರಾ?" ಇಲ್ಲಿಯ ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ.

ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಕಿರಿನ್ಯಾಗಾ ರಸ್ತೆಗೆ, ಓಡೆರೊನ ಅಂಗಡಿಗೆ ಹೋದಳು. ಓಡೆರೊ ಟೈರಿನ ಫುಂಡಿ. ಹದಿನೈದು ವರ್ಷಗಳಿಂದ ಅವಳ ಪಂಕ್ಚರುಗಳನ್ನು ಹಾಕಿದ ಮೇಸ್ತ್ರಿ ಅವನೇ. ಅವಳ ಮನೆಯ ಗಂಡಸರಾರೂ ಅವನ ಮುಖ ನೋಡಿರಲಿಲ್ಲ.

ಓಡೆರೊ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿದ. ರಬ್ಬರು ಒಳಗೆ ಹೋಯಿತು.

"ಇದನ್ನು ಯಾರು ಹಾಕಿದ್ದು, ಮಾಮಾ? ಇದು ಬರಾಫುವಿನ ಟೈರು, ಐಸಿನದ್ದು. ಚಳಿಗೆ ಕಲ್ಲಾಗಬಾರದು ಅಂತ ರಬ್ಬರನ್ನೇ ಮೆತ್ತಗೆ ಮಾಡಿರ್ತಾರೆ. ನಮ್ಮ ಬಿಸಿಲಿಗೆ ಇದು ಚೂಯಿಂಗ್ ಗಮ್ಮು. ಬ್ರೇಕ್ ಹಿಡಿಯೋದಿಲ್ಲ, ಬೇಗ ಸವೆದೂ ಹೋಗ್ತದೆ."

"ಕೆಸರಿಗೆ ಒಳ್ಳೇದು ಅಂದರಲ್ಲ?"

"ಯಾವ ಕೆಸರು? ಕೆಂಪೋ, ಕಪ್ಪೋ?"

"ಕಪ್ಪು. ಅಂಟುವ ಎರೆಮಣ್ಣು. ನ್ಜಿರು."

ಓಡೆರೊ ನಕ್ಕ. "ಈ ಸಣ್ಣ ಸೀಳೆಲ್ಲ ಐದು ನಿಮಿಷದಲ್ಲಿ ಮೆತ್ತಿಕೊಳ್ತವೆ. ಆಮೇಲೆ ಟೈರು ಅಲ್ಲ, ಚಪಾತಿ ಹಿಟ್ಟಿನ ಉಂಡೆ."

"ಹಾಗಾದರೆ ಎಲ್ಲ ಕಾಲಕ್ಕೂ ಆಗುವ ಆ ಆಲ್-ವೆದರ್ ಟೈರು? ಅದು ಆ ಮಣ್ಣಲ್ಲಿ ಹೋಗ್ತದಾ?"

"ಸುಳ್ಳು ಹೇಳೋದಿಲ್ಲ ಮಾಮಾ. ಅದೂ ಹೋಗೋದಿಲ್ಲ. ಜೋರು ಮಳೆಗೆ ಅಲ್ಲಿ ಲ್ಯಾಂಡ್ ರೋವರೇ ಹೂತುಕೊಳ್ತದೆ. ಆದರೆ ಟಾರಿನ ಮೇಲೆ, ಬಿಸಿಲಿರಲಿ ಮಳೆಯಿರಲಿ, ನೀವು ನಿಲ್ಲು ಅಂದ ಕಡೆ ನಿಲ್ತದೆ."

ಸೆಲಿನ್ ಅಂಗಡಿಯ ಸ್ಟೂಲಿನ ಮೇಲೆ ಕೂತು ಯೋಚಿಸಿದಳು. ಮನೆಯಿಂದ ಮಗಳ ಶಾಲೆ, ಅಲ್ಲಿಂದ ಕಾಂಗುಂಡೊ ರಸ್ತೆಯ ತಿರುವು: ಇಪ್ಪತ್ತು ಕಿಲೋಮೀಟರ್ ಟಾರು. ತಿರುವಿನಿಂದ ಹೆರಿಗೆ ಮನೆಯ ಗೇಟು: ಎರಡು ಕಿಲೋಮೀಟರಿಗೂ ಕಡಿಮೆ ಎರೆಮಣ್ಣು, ಅದೂ ಮಳೆ ಬಂದಾಗ ಮಾತ್ರ ತೊಂದರೆ. ಮರದ ಕೆಳಗಿನವರು ಆ ಎರಡು ಕಿಲೋಮೀಟರಿನ ಸಾಹಸಕ್ಕೆ ಟೈರು ಆರಿಸಿದ್ದರು. ದಿನವೂ ಹೋಗಿ ಬರುವ ಇಪ್ಪತ್ತು ಕಿಲೋಮೀಟರ್ ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಮನೆಯಲ್ಲಿಯೂ ಹಾಗೆಯೇ ಅಲ್ಲವೇ? ಕ್ರಿಸ್ಮಸ್ಸಿಗೆ ಒಂದು ದಿನ ಹಂದಿ ಮಾಂಸ ಕತ್ತರಿಸಿಕೊಟ್ಟವನ ಹೆಸರು ವರ್ಷವಿಡೀ ಉಳಿಯುತ್ತದೆ. ದಿನಾ ಗಂಜಿ ಬೇಯಿಸುವವಳದ್ದನ್ನು ಕೆಲಸ ಎನ್ನುವವರಿಲ್ಲ.

"ಇವನ್ನು ಬಿಚ್ಚು ಓಡೆರೊ. ಆಲ್-ವೆದರ್ ಹಾಕು, ನಾಲ್ಕೂ ಹೊಸತು."

"ಮನೆಯ ಬ್ವಾನಾ, ಯಜಮಾನರನ್ನು ಕೇಳಬೇಕಾ?"

"ಓಡಿಸುವವಳನ್ನು ಕೇಳಿದ್ದೀಯಲ್ಲ, ಸಾಕು."

ಹದಿನೈದು ವರ್ಷದ ಮೇಲೆ ಕೈಗೆ ಬಂದ ಮೊದಲ ಸಂಬಳ ಅಲ್ಲಿಯೇ ಮುಗಿಯಿತು. ಬಿಚ್ಚಿದ ಟೈರುಗಳನ್ನು ಹಿಂದಿನ ಸೀಟು ಮಡಚಿ ಹೇರಿಸಿಕೊಂಡು, ವಲೇರಿಯನ್‌ನ ಯಾರ್ಡಿಗೆ ಹೋಗಿ ಇಳಿಸಿದಳು.

"ಕಾಜಿಟನ್‌ಗೆ ಗೊತ್ತುಂಟಾ?" ವಲೇರಿಯನ್ ಗಾಬರಿಯಾದ.

"ಟೈರು ಕಾಜಿಟನ್‌ನ ಕಾಲಿಗೆ ಹಾಕಿದ್ದಲ್ಲ ಬಾಬ್."

ಅವಳು ಮನೆ ಸೇರುವ ಮೊದಲೇ ಫೋನು ಸೇರಿತ್ತು. ರಾತ್ರಿ ಊಟಕ್ಕೆ ಕೂತಾಗ ಕಾಜಿಟನ್ ಅನ್ನಕ್ಕೆ ಕೈ ಹಾಕಲಿಲ್ಲ.

"ನಾಲ್ಕು ಜನರ ಎದುರು ನನ್ನ ಮರ್ಯಾದೆ ತೆಗೆದಿ. ಗಿಫ್ಟ್ ಕೊಟ್ಟದ್ದನ್ನು ಯಾರಾದರೂ ವಾಪಸು ಕೊಡ್ತಾರಾ?"

"ಮಟಾಟುವಿಗೆ ಗುದ್ದಿ ಆಸ್ಪತ್ರೆಯಲ್ಲಿದ್ದರೆ ಮರ್ಯಾದೆ ಉಳೀತಿತ್ತಾ? ಮೀನು ಹಾಕಿಕೊಳ್ಳಿ, ಆರ್ತದೆ."

"ಸರಿ. ನಿನ್ನದೇ ಟೈರು, ನಿನ್ನದೇ ಬುದ್ಧಿ. ಒಂದೇ ಒಂದು ದಿನ ಕೆಸರಲ್ಲಿ ಸಿಕ್ಕಿಹಾಕಿಕೊಂಡರೆ ಕೆಲಸ ಬಿಡಬೇಕು. ಒಪ್ಪಿಗೆಯಾ?"

"ಇಲ್ಲ."

"ಎಂತ ಇಲ್ಲ?"

"ಒಪ್ಪಿಗೆ ಇಲ್ಲ. ಹೋದ ವರ್ಷ ನಿಮ್ಮ ಫ್ಯಾಕ್ಟರಿಗೆ ನೀರು ನುಗ್ಗಿ ಮೂರು ದಿನ ಮುಚ್ಚಿತ್ತಲ್ಲ? ನೀವು ಕೆಲಸ ಬಿಟ್ಟಿರಾ? ನಾನು ಆಗ ಶರತ್ತು ಹಾಕಿದ್ದೆನಾ?"

"ಶೀ ಹ್ಯಾಸ್ ಎ ಪಾಯಿಂಟ್, ಡ್ಯಾಡಿ," ಎಂದಳು ಕ್ರಿಸ್ಟೀನ್.

"ನೀನು ತಟ್ಟೆ ನೋಡಿ ತಿನ್ನು," ಎಂದ ಅವನು.

ಮಾರ್ಚ್ ಕೊನೆಯ ವಾರ ದೊಡ್ಡ ಮಳೆ ಇಳಿಯಿತು. ಟಾರಿನ ಮೇಲೆ ನೀರು ಹರಿಯುತ್ತಿತ್ತು. ಸೆಲಿನ್ ನಿಧಾನವಾಗಿ ಓಡಿಸಿದಳು. ನಿಲ್ಲು ಎಂದ ಕಡೆ ಕಾರು ನಿಂತಿತು. ಕಾಂಗುಂಡೊ ರಸ್ತೆಯ ತಿರುವಿಗೆ ಬಂದಾಗ ಎದುರಿನ ಕಪ್ಪು ದಾರಿಯಲ್ಲಿ ಒಂದು ಪಿಕಪ್ ಅಚ್ಚಿನವರೆಗೆ ಹೂತುಹೋಗಿತ್ತು. ಆರು ಜನ ನೂಕುತ್ತಿದ್ದರು. ಸೆಲಿನ್ ಆ ಕಡೆ ಸ್ಟೀರಿಂಗ್ ತಿರುಗಿಸಲೇ ಇಲ್ಲ. ತಿರುವಿನಲ್ಲಿ ಚಹಾ ಮಾರುವ ಹೆಂಗಸನ್ನು ಕೇಳಿ ಅವಳ ಅಂಗಡಿಯ ಪಕ್ಕದ ಜಲ್ಲಿಯ ಮೇಲೆ ಕಾರು ನಿಲ್ಲಿಸಿದಳು. ಡಿಕ್ಕಿಯಿಂದ ಗಮ್‌ಬೂಟು ತೆಗೆದು ಹಾಕಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ನಡೆದಳು. ಮುಂದೆ ಒಬ್ಬ ತುಂಬು ಬಸುರಿ ತನ್ನ ತಾಯಿಯ ಭುಜ ಹಿಡಿದು ಹೋಗುತ್ತಿದ್ದಳು. ಅದೇ ಗೇಟಿಗೆ, ಅದೇ ಕೆಸರಲ್ಲಿ. ಸೆಲಿನ್ ಇನ್ನೊಂದು ಭುಜ ಕೊಟ್ಟಳು. ಪ್ರತಿ ಹೆಜ್ಜೆಗೂ ಬೂಟಿಗೆ ಒಂದು ಸೇರು ಮಣ್ಣು ಅಂಟುತ್ತಿತ್ತು.

ಸಿಸ್ಟರ್ ಹೆಲನ್ ಅವಳ ಬೂಟು ನೋಡಿದರು, ಗಡಿಯಾರ ನೋಡಿದರು.

"ಇಪ್ಪತ್ತೈದು ನಿಮಿಷ ತಡ. ಪೇಷೆಂಟನ್ನು ಕರೆತಂದಿದ್ದೀರಿ, ಇವತ್ತು ಬಿಡ್ತೇನೆ. ನಾಳೆ?"

"ನಾಳೆ ಎಂಟಕ್ಕೆ," ಎಂದಳು ಸೆಲಿನ್.

ಎಂಟಕ್ಕೆ ತಲುಪಬೇಕಾದರೆ ದಿನಾ ಹೊರಡುವ ಆರೂವರೆಗಿಂತ ಅರ್ಧ ಗಂಟೆ ಮೊದಲು ಹೊರಡಬೇಕು. ಏಳುವುದೇ ನಾಲ್ಕೂಮುಕ್ಕಾಲಿಗೆ. ಆ ಅರ್ಧ ಗಂಟೆಯನ್ನು ನಿದ್ದೆಯಿಂದ ಕತ್ತರಿಸುವುದು ಅವಳಿಗೆ ಹೊಸತಲ್ಲ. ಅಷ್ಟು ವರ್ಷ ಎಲ್ಲವನ್ನೂ ಅಲ್ಲಿಂದಲೇ ಕತ್ತರಿಸಿದ್ದಳು. ಈ ಸಲ ಮನಸ್ಸಾಗಲಿಲ್ಲ.

ಸಂಜೆ ಕಾಜಿಟನ್ ಖುಷಿಯಿಂದಲೇ ಬಂದ. "ನ್ಜಿರು ತಿರುವಲ್ಲಿ ನಿನ್ನ ಕಾರು ನಿಂತಿತ್ತಂತೆ. ವಲೇರಿಯನ್‌ನ ಡ್ರೈವರು ನೋಡಿದನಂತೆ. ಸಿಕ್ಕಿಹಾಕಿಕೊಂಡಿತಲ್ಲ?"

"ಸಿಕ್ಕಿಹಾಕಿಕೊಳ್ಳಲಿಲ್ಲ. ನಾನು ನಿಲ್ಲಿಸಿದೆ. ನಡೆದು ಹೋದೆ."

"ನಡೆದಾ? ಆ ಕೆಸರಲ್ಲಿ? ಮತ್ತೆ ಟೈರು ಎಂತಕ್ಕೆ?"

"ನಡೆಯುವ ಜಾಗದವರೆಗೆ ಕೈಕಾಲು ಮುರಿಯದೆ ತಲುಪ್ಲಿಕ್ಕೆ. ಈಗ ಕೇಳಿ. ನಾಳೆಯಿಂದ ನಾನು ಆರಕ್ಕೆ ಹೊರಡ್ತೇನೆ. ಕ್ರಿಸ್ಟೀನ್‌ಳನ್ನು ಶಾಲೆಗೆ ನೀವು ಬಿಡಿ. ಮಾಯಿಯ ಬೆಳಗಿನ ಇನ್ಸುಲಿನ್ನೂ ನಿಮ್ಮದು."

"ನಾನಾ? ಸೂಜಿಯಾ? ನನಗೆ ಬರೋದಿಲ್ಲ."

ಸೆಲಿನ್ ಅಡುಗೆಮನೆಯಿಂದ ಒಂದು ಕಿತ್ತಳೆ, ಒಂದು ಸಿರಿಂಜು ತಂದಳು. "ನರ್ಸಿಂಗ್ ಶಾಲೆಯಲ್ಲಿ ನಾವೂ ಇದಕ್ಕೇ ಚುಚ್ಚಿ ಕಲಿತದ್ದು. ಕೂತ್ಕೊಳ್ಳಿ."

ಅವನು ತಾಯಿಯ ಕಡೆ ನೋಡಿದ. ಮುದುಕಿ ಜಪಸರ ಎಣಿಸುತ್ತಿದ್ದವಳು ತಲೆಯೆತ್ತಿದಳು. "ಕಿತ್ತಳೆಯಲ್ಲಿ ಚೆಂದ ಕಲಿ ಪುತಾ. ನನ್ನ ಹೊಟ್ಟೆಯಲ್ಲಿ ಕಲೀಬೇಡ."

ಮೊದಲ ದಿನ ಅವನು ಸಿರಿಂಜನ್ನು ಮೂರು ಸಲ ಬೆಳಕಿಗೆ ಹಿಡಿದು ನೋಡಿ ಚುಚ್ಚಿದ. ಒಂದು ವಾರ ಮನೆಯಲ್ಲಿ ಎಲ್ಲರ ಮೇಲೂ ರೇಗಿದ. ಸೂಜಿ ಮಾತ್ರ ತಪ್ಪಿಸಲಿಲ್ಲ. ತಪ್ಪಿಸಿದರೆ ಚುಚ್ಚಲು ಆರು ಗಂಟೆಯ ಮೇಲೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಏಪ್ರಿಲ್ ಮುಗಿಯುವಷ್ಟರಲ್ಲಿ ಸೆಲಿನ್ ಹದಿನೇಳು ದಿನ ಆ ಎರೆಮಣ್ಣಿನಲ್ಲಿ ನಡೆದಿದ್ದಳು. ಮತ್ತೆ ಒಂದು ದಿನವೂ ತಡವಾಗಲಿಲ್ಲ. ಸಿಸ್ಟರ್ ಹೆಲನ್ ಕಾಯಂ ಪತ್ರಕ್ಕೆ ಸಹಿ ಹಾಕಿಕೊಟ್ಟರು. ಸೆಲಿನ್ ಅದನ್ನು ಊಟದ ಮೇಜಿನ ಮೇಲೆ, ಉಪ್ಪಿನ ಬಾಟಲಿಗೆ ಒರಗಿಸಿ ಇಟ್ಟಳು. ಕಾಜಿಟನ್ ಓದಿ, "ಒಳ್ಳೇದು" ಎಂದ. ಅಷ್ಟೇ.

ಜೂನಿನಲ್ಲಿ ಮಳೆ ನಿಂತಿತು. ಬಿಸಿಲಿಗೆ ಎರೆಮಣ್ಣು ಬಿರಿದು ಗಟ್ಟಿಯಾಯಿತು. ಕಾರು ಮತ್ತೆ ಹೆರಿಗೆ ಮನೆಯ ಗೇಟಿನವರೆಗೂ ಹೋಗತೊಡಗಿತು. ಕಾಜಿಟನ್ ಅದನ್ನೇ ಕಾಯುತ್ತಿದ್ದ.

"ದಾರಿ ಒಣಗಿತಲ್ಲ. ಇನ್ನು ಅರ್ಧ ಗಂಟೆ ಮೊದಲು ಹೊರಡ್ಲಿಕ್ಕಿಲ್ಲ. ನಾಳೆಯಿಂದ ಸೂಜಿ ನೀನೇ ಕೊಡು."

"ಇಲ್ಲ," ಎಂದಳು ಸೆಲಿನ್.

"ಮತ್ತೆ ಆ ಅರ್ಧ ಗಂಟೆ ಎಂತ ಮಾಡ್ತಿ?"

"ಕೂತ್ಕೊಳ್ತೇನೆ."

ಮರುದಿನ ಬೆಳಿಗ್ಗೆ ಆರು ಗಂಟೆಗೆ ಅವಳು ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತು, ಬಿಸಿ ಚಹಾವನ್ನು ಬಿಸಿಯಾಗಿರುವಾಗಲೇ ಕುಡಿದಳು. ಒಳಗಿನಿಂದ ಗಂಡ ಸ್ಪಿರಿಟ್ಟಿನ ಹತ್ತಿ ಎಲ್ಲಿದೆ ಎಂದು ಕೂಗಿದ. ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಅವನೂ ಹುಡುಕಿದರೆ ಸಿಗುವ ಜಾಗವೇ. ಅವಳು ಏಳಲಿಲ್ಲ.