ವಿಯೆನ್ನಾದಲ್ಲಿ ಎರಡಾದ ರೈಲು

ಕಣ್ಣಿಗೆ ಕಾಣದ್ದನ್ನು ನಂಬುವ ಜಾಯಮಾನ ನನ್ನದಲ್ಲ. ಮುಂಬೈ ಹತ್ತಿರದ ಠಾಣೆ ಊರಿನ ನನ್ನ ಹೋಟೆಲಿನ ಅಡುಗೆಭಟ್ಟರು ಅಮಾವಾಸ್ಯೆಯ ದಿನ ಹೊಸ ಒಲೆ ಹಚ್ಚುವುದು ಬೇಡ ಎಂದಾಗ ರೇಗಿ, ನಾನೇ ಹಚ್ಚಿದವನು. ಹಾಗಾಗಿ ಇದನ್ನು ಬರೆಯಲು ನನಗೇ ನಾಚಿಕೆ. ಓದಿದವರಲ್ಲಿ ಯಾರಿಗಾದರೂ ಇದರ ತಲೆಬುಡ ತಿಳಿದೀತೇನೋ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಮ್ಮ ಡೊಂಬಿವಲಿಯ ಸೊಸೈಟಿಯಲ್ಲಿ ಹೊಸದಾಗಿ ಮದುವೆಯಾದವರು ಯುರೋಪಿಗೆ ಹೊರಟರೆ ಮೊದಲು ನನ್ನ ಮನೆಯ ಬೆಲ್ ಒತ್ತುತ್ತಾರೆ. ಮೊನ್ನೆ ವಿಜಯಪುರದ ಕಡೆಯ ದಂಪತಿ ಬಂದಿದ್ದರು.

"ಕಾಕಾ, ನೀವು ಕಾಕೂನ್ನ ಕರ್ಕೊಂಡು ಹೋಗಿ ಬಂದೀರಲ್ಲಾ, ನಮಗೂ ಒಂದೀಟು ಟಿಪ್ಸ್ ಕೊಡ್ರಿ."

ಕೊಟ್ಟೆ. ರೂಮು ಸ್ಟೇಷನ್ನಿನ ಹತ್ತಿರವೇ ಹಿಡಿಯಿರಿ. ಹೊಸ ಶೂ ಹಾಕಿಕೊಂಡು ಹೋಗಬೇಡಿ, ಅಲ್ಲಿ ನಡೆದಷ್ಟೂ ಕಲ್ಲುಹಾಸು. ಕಂಡದ್ದನ್ನೆಲ್ಲ ನೋಡುವ ಚಪಲ ಬೇಡ. ಒಂದು ಸಂಜೆಯನ್ನು ಖಾಲಿ ಬಿಟ್ಟು ಸುಮ್ಮನೆ ಕೈಹಿಡಿದು ಅಡ್ಡಾಡಿ. ಹಸಿದಾಗ ಜಗಳ ಆಡಬೇಡಿ. ಕೊನೆಯ ಮಾತನ್ನು ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: ಮದ್ದು, ತಿಂಡಿ, ಫೋನು ಮೂರನ್ನೂ ಒಬ್ಬರದೇ ಚೀಲಕ್ಕೆ ತುಂಬಬೇಡಿ. ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಹೆಂಡತಿ ಸುಜಾತಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಉಣ್ಣದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಅಪಾಯ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆಂದು ಹಟ ಹಿಡಿದು ಅವಳನ್ನು ವಿಯೆನ್ನಾಕ್ಕೆ ಕರೆದುಕೊಂಡು ಹೋದವನು ನಾನು. ಅಲ್ಲಿಂದ ಒಂದು ಮಧ್ಯಾಹ್ನ ನದಿತೀರದ ಸಣ್ಣ ಊರೊಂದನ್ನು ನೋಡಲು ರೈಲಿನಲ್ಲಿ ಹೊರಟೆವು. ರೈಲಿನಲ್ಲೇ ಉಣ್ಣೋಣ ಎಂದು ಬ್ರೆಡ್ಡು ಕಟ್ಟಿಸಿಕೊಂಡಿದ್ದೆವು. ಸುಜಾತ ಸ್ಟೇಷನ್ನಿನಲ್ಲೇ ಇನ್ಸುಲಿನ್ ಚುಚ್ಚಿಕೊಂಡಳು. ಬ್ರೆಡ್ಡು, ಗ್ಲುಕೋಸ್ ಬಿಸ್ಕತ್ತು, ಚಾರ್ಜಿಗೆ ಹಾಕಿದ್ದ ಅವಳ ಫೋನು ಎಲ್ಲವೂ ನನ್ನ ಹೆಗಲ ಚೀಲದಲ್ಲಿದ್ದವು.

ಪ್ಲಾಟ್‌ಫಾರ್ಮಿಗೆ ಬರುವಾಗ ರೈಲು ಬಿಡುವ ಹೊತ್ತು. ಓಡಿದೆವು. ನಾನು ಸಿಕ್ಕಿದ ಬಾಗಿಲಿಗೆ ಹತ್ತಿದೆ. ಸುಜಾತ ಮುಂದಕ್ಕೆ ಓಡಿ ಬೇರೆ ಡಬ್ಬಾ ಹತ್ತಿದಳು. ಇಷ್ಟು ವರ್ಷ ದಿನವೂ ನಾವಿಬ್ಬರೂ ಡೊಂಬಿವಲಿಯಲ್ಲಿ ಒಂದೇ ಲೋಕಲ್ ಹಿಡಿದು, ಅವಳು ಲೇಡೀಸ್ ಡಬ್ಬಾದಲ್ಲಿ, ನಾನು ಜನರಲ್‌ನಲ್ಲಿ ನೇತಾಡಿ, ಠಾಣೆಯಲ್ಲಿ ಇಳಿದು ಸೇತುವೆಯ ಕೆಳಗೆ ಸೇರುವವರು. ಕಾಲಿಗೆ ಅದೇ ಅಭ್ಯಾಸ. ಅವಳಿಗೂ ತಪ್ಪೆನಿಸಲಿಲ್ಲ, ನನಗೂ ಎನಿಸಲಿಲ್ಲ. ಮುಂದಿನ ಡಬ್ಬಾಗಳಿಗೆ ಒಳಗಿನಿಂದ ದಾರಿ ಇಲ್ಲವೆಂದು ಆಮೇಲೆ ತಿಳಿಯಿತು. ಇರಲಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಹತ್ತಿದರಾಯಿತು ಎಂದುಕೊಂಡೆ.

ಮುಂದಿನ ಸ್ಟೇಷನ್ನಿನಲ್ಲಿ ನಾನು ಇಳಿಯುವಷ್ಟರಲ್ಲಿ ರೈಲಿನ ಮುಂದಿನ ಅರ್ಧ ಕಳಚಿಕೊಂಡು ಬೇರೊಂದು ಹಳಿಯಲ್ಲಿ ಹೋಗುತ್ತಿತ್ತು. ಅಲ್ಲಿ ಒಂದೇ ರೈಲು ಎರಡಾಗಿ ಎರಡು ಊರಿಗೆ ಹೋಗುತ್ತದಂತೆ. ಜರ್ಮನ್‌ನಲ್ಲಿ ಸಾರಿ ಹೇಳಿದ್ದರು, ನಮಗೆ ಅರ್ಥವಾಗಬೇಕಲ್ಲ!

ನಾನು ಹುಚ್ಚನ ಹಾಗೆ ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಓಡಿದೆ. ಸಿಬ್ಬಂದಿಯೊಬ್ಬ ಬಂದ. "ಶುಗರ್, ವೈಫ್, ಶುಗರ್" ಎಂದು ಕೂಗಿದೆ. ಅವನು ಫೋನಿಗೆ ಓಡಿದ. ಬಿಸ್ಕತ್ತಿನ ಪೊಟ್ಟಣ ತೆಗೆದು ಹರಿದೆ, ಯಾಕೆಂದು ದೇವರಿಗೇ ಗೊತ್ತು. ಖಾಲಿ ಹಳಿಯ ಕಡೆಗೆ ಅದನ್ನು ಹಿಡಿದು ಅಳುತ್ತ, ನಮ್ಮ ಮನೆಮಾತು ತುಳುವಿನಲ್ಲಿ "ಒಂಜಿ ತಿನ್ಲ ಸುಜಾ, ಒಂಜೇ ಒಂಜಿ" ಎಂದು ಬಡಬಡಿಸಿದೆ. ಒಂದು ತಿನ್ನು, ಒಂದೇ ಒಂದು. ಅವಳು ಸತ್ತೇಹೋದಳು ಎಂದು ಆಗ ನನಗೆ ಖಾತ್ರಿಯಾಗಿತ್ತು.

ಅವಳು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಇಳಿದಿದ್ದಾಳೆಂದು ಸುದ್ದಿ ಬಂತು. ಟ್ಯಾಕ್ಸಿ ಬೆಟ್ಟ ಬಳಸಿ ಅಲ್ಲಿಗೆ ಮುಟ್ಟುವಾಗ ಬೆಂಚಿನ ಮೇಲೆ ಕಂಬಳಿ ಹೊದ್ದು ಕುಳಿತಿದ್ದಳು. ಜೀವ ಇತ್ತು. ನನ್ನನ್ನು ನೋಡಿ, "ಎಲ್ಲಿ ಹೋದ್ರಿ ಪುನಃ? ಈಗ ಇದ್ರಲ್ಲ!" ಎಂದಳು.

ನಾನೇ ಬಂದೆನಂತೆ. ತಲೆಯನ್ನು ಎದೆಗೆ ಒರಗಿಸಿಕೊಂಡು ಬಿಸ್ಕತ್ತನ್ನು ಪುಡಿ ಮಾಡಿ ಬಾಯಿಗೆ ಹಾಕಿದೆನಂತೆ. "ಒಂಜಿ ತಿನ್ಲ ಸುಜಾ" ಎಂದೆನಂತೆ. ಅವಳ ಸ್ವೆಟರಿನ ಮೇಲೆ ಪುಡಿ ಬಿದ್ದಿತ್ತು. ಸಕ್ಕರೆ ಇಳಿದಾಗ ಬುದ್ಧಿ ಮಂಕಾಗುತ್ತದೆ, ನಿಜ. ಆದರೆ ಅವಳಿಗೆ ಕಂಬಳಿ ತಂದುಕೊಟ್ಟ, ಆ ಸ್ಟೇಷನ್ನಿನ ಟಿಕೆಟ್ ಕೌಂಟರಿನ ಹೆಂಗಸಿನ ಬುದ್ಧಿ ನೆಟ್ಟಗಿತ್ತಲ್ಲ? ಅವಳೂ ನನ್ನನ್ನು ಕಂಡು, ಈಗಷ್ಟೇ ಪಕ್ಕದಲ್ಲಿ ಕುಳಿತಿದ್ದವನು ಹೆಂಡತಿಯನ್ನು ಹೀಗೆ ಬಿಟ್ಟು ಎದ್ದು ಹೋಗುವುದೇ ಎಂದು ಅರೆಬರೆ ಇಂಗ್ಲಿಷಿನಲ್ಲಿ ಗದರಿದಳು. ನನ್ನ ಕೈಯಲ್ಲಿದ್ದ ಪೊಟ್ಟಣ ಅರ್ಧ ಖಾಲಿಯಾಗಿತ್ತು. ದಾರಿಯಲ್ಲಿ ಉದುರಿರಬಹುದು. ಉದುರಿದ್ದು ನನಗೆ ನೆನಪಿಲ್ಲ.

ಅದು ನಾನಲ್ಲ ಎಂದು ಸುಜಾತಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

"ಸಾಕು ಮಾರಾಯ್ರೆ. ಇಷ್ಟು ವರ್ಷ ಸಂಸಾರ ಮಾಡಿ ನಿಮ್ಮ ಕೈ ನನಗೆ ಗೊತ್ತಾಗುದಿಲ್ವಾ?"

ಕಳೆದ ವರ್ಷ ಅಡುಗೆಮನೆಯಲ್ಲಿ ಅವಳಿಗೆ ಮತ್ತೆ ಹಾಗಾಯಿತು. ಈ ಸಲ ನಾನು ಪಕ್ಕದಲ್ಲೇ ಇದ್ದೆ. ತಲೆ ಎದೆಗಿಟ್ಟುಕೊಂಡು ಸಕ್ಕರೆ ನೀರು ಕುಡಿಸಿದೆ. ಚೇತರಿಸಿಕೊಂಡು ನನ್ನನ್ನೇ ನೋಡಿದಳು. "ಅವತ್ತು ಹಿಡಿದ ಹಾಗೆ ನೀವು ಮತ್ತೆ ಹಿಡಿಯಲೇ ಇಲ್ಲ" ಎಂದಳು.

ಹೇಗೆ ಹಿಡಿದಿದ್ದೆ ಎಂದು ಕೇಳಿದೆ.

"ಅದೆಲ್ಲ ಹೇಳ್ಲಿಕ್ಕೆ ಬರ್ತದಾ?"

ಈಗಲೂ ಕೆಲವು ಸಂಜೆ ಅವಳು ಸೋಫಾದಲ್ಲಿ ಒರಗಿದಾಗ ಪಕ್ಕದಲ್ಲಿ ಕುಳಿತು ಎಡಗೈಯಿಂದ ಹಿಡಿದು ನೋಡುತ್ತೇನೆ, ಬಲಗೈಯಿಂದ ಹಿಡಿದು ನೋಡುತ್ತೇನೆ. ಅವಳು ಕಣ್ಣು ಮುಚ್ಚುತ್ತಾಳೆ. ಆಮೇಲೆ ಇಲ್ಲ ಎಂದು ತಲೆಯಾಡಿಸುತ್ತಾಳೆ.