ಬೇವಿನ ಬುಡದ ಅಕ್ಕನ ಕೆಂಪುಗಡ್ಡೆ

ನಿನ್ನೆ ನಿಮ್ಮವ್ವ ಬೀಟ್‌ರೂಟ್ ಹೆಚ್ಚುತ್ತಿದ್ದಾಗ ಅದರ ವಾಸನೆ ನಾನು ಕುಳಿತ ಪಡಸಾಲೆಯವರೆಗೂ ಬಂತು. ಎರೆಮಣ್ಣಿನ ಹೆಂಟೆಯನ್ನು ನೀರಿನಲ್ಲಿ ಒಡೆದಂಥ ವಾಸನೆ. ನಿಮಗದು ದಿನದ ಕಾಯಿಪಲ್ಲೆ. ನನಗೆ ಮಾತ್ರ ಒಬ್ಬ ಹೆಂಗಸು ಕಣ್ಣೆದುರು ಬಂದು ಕುಳಿತಂತಾಯಿತು…

ನಾನು ಮುಧೋಳಕ್ಕೆ ಸೊಸೆಯಾಗಿ ಬಂದ ಹೊಸತು. ಸಂತೆಗೆ ಹೋದರೆ ತಲೆ ಎತ್ತಿ ದರ ಕೇಳಲೂ ನಾಚುತ್ತಿದ್ದೆ. ಅಲ್ಲಿ ಬೇವಿನ ಮರದ ಬುಡದಲ್ಲಿ, ಲೋಕಾಪುರದ ಕಡೆಯಿಂದ ಬರುವ ಒಬ್ಬಾಕೆ ಬದನೆ, ಮೆಂತ್ಯೆ ಮಾರುತ್ತಿದ್ದಳು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಚಿಕ್ಕ ವಯಸ್ಸಿಗೇ ಗಂಡ ತೀರಿಹೋಗಿದ್ದ. ಹಣೆಯಲ್ಲಿ ವಿಭೂತಿ ಮಾತ್ರ. ಬಾವಿಯ ಪಕ್ಕದ ಒಂದು ತುಂಡು ಹೊಲ ಅವಳ ಪಾಲಿಗೆ ಬಂದಿತ್ತು. ಸಕ್ಕರೆ ಕಾರ್ಖಾನೆ ಬಂದ ಮೇಲೆ ಅಲ್ಲಿಯೂ ಕಬ್ಬು ಹಚ್ಚಬೇಕೆಂದು ಮೈದುನ ಹಟ ಹಿಡಿದಿದ್ದ. ಈ ಸಲ ಕಾಯಿಪಲ್ಲೆ ಮಾರಿಹೋಗದಿದ್ದರೆ ನೇಗಿಲು ಹೂಡುವುದೇ ಸೈ ಎಂದಿದ್ದನಂತೆ. ಹೊಲ ಹೋದರೆ ಅವನ ಮನೆಯಲ್ಲಿ ರೊಟ್ಟಿ ಬಡಿದುಕೊಂಡು ಬಿದ್ದಿರಬೇಕು ನಾನು, ಎಂದು ಮೆಂತ್ಯೆ ಸಿವುಡು ಕಟ್ಟುತ್ತ ಒಮ್ಮೆ ಹೇಳಿದ್ದಳು.

ಅಂಥದರಲ್ಲಿ ಒಂದು ವಾರ, ಬೆಳಗಾವಿಯ ತಂಗಿ ಕೊಟ್ಟ ಬೀಜದಿಂದ ಬೆಳೆದ ಇದೇ ಬೀಟ್‌ರೂಟ್ ಗಡ್ಡೆಗಳನ್ನು ಬುಟ್ಟಿ ತುಂಬ ತಂದಳು. ನಾವ್ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಮೂಲಂಗಿಯ ಜಾತಿ ಇರಬೇಕೆಂದು ಕೆಲವರು ಕೊಂಡೆವು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಸೊಪ್ಪು ಬೇಕೇ ಬೇಕು. ಎಲೆಯನ್ನು ಮುರಿದು ತಿಂದು ಗಡ್ಡೆಯನ್ನು ಎಮ್ಮೆಗೆ ಹಾಕಿದೆವು. ಎಮ್ಮೆಯ ಬಾಯಿಂದ ಕೆಂಪು ಜೊಲ್ಲು ಸುರಿಯಿತು. ನಮ್ಮತ್ತೆ ಗಾಬರಿಯಾಗಿ ಅದರ ನಾಲಿಗೆ ಎಳೆದು ನೋಡಿದರು. ಕೊಯ್ದರೆ ರಕ್ತ ಬರುವ ವಸ್ತು ಲಿಂಗಪೂಜೆಯ ಮನೆಗೆ ಬರಕೂಡದೆಂದು ಕಟ್ಟಪ್ಪಣೆಯಾಯಿತು. ಓಣಿ ಓಣಿಯಲ್ಲಿ ಇದೇ ಮಾತು.

ಮುಂದಿನ ಸಂತೆಗೆ ಅವಳ ಬುಟ್ಟಿಯ ಹತ್ತಿರ ಯಾರೂ ಸುಳಿಯಲಿಲ್ಲ. ಅವಳನ್ನು ಕರೆದೊಯ್ಯಲು ಮೈದುನ ಎತ್ತಿನ ಚಕ್ಕಡಿ ಹೂಡಿಕೊಂಡು ಬಂದಿದ್ದ. ಮಧ್ಯಾಹ್ನದ ತನಕ ನೋಡಿ, ಬುಟ್ಟಿ ಎತ್ತು ಎಂದ. ಅವಳು ಎತ್ತಲಿಲ್ಲ. ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿಯ ಮೇಲೆ ಅದೇ ಗಡ್ಡೆಯ ಪಲ್ಯ, ಅದರ ಮೇಲೆ ಶೇಂಗಾ ಚಟ್ನಿಪುಡಿ. ಹೋಗುವವರು ಬರುವವರಿಗೆಲ್ಲ ಕಾಣುವಂತೆ ಕುಳಿತು ತಿನ್ನತೊಡಗಿದಳು. ಬೆರಳು, ತುಟಿ ಎಲ್ಲ ಕೆಂಪಾದವು.

ಪಕ್ಕದಲ್ಲಿ ಬಾಳೆಹಣ್ಣು ಮಾರುವ ಮುದುಕಿ ನಕ್ಕಳು. “ಗಂಡ ಸತ್ತಾಕಿ ಎಲಿ ಅಡಿಕಿ ಹಾಕ್ಕೊಂಡಂಗ ಕಾಣ್ತಿ ನೋಡಬೇ.”

“ಕಾಣ್ಲಿ,” ಎಂದಳು ಅಕ್ಕ. ಮೈದುನನ ಕಡೆ ಅಂಗೈ ಚಾಚಿದಳು. “ನನ್ನ ಹಣಿ ಮ್ಯಾಲಿನ ಕೆಂಪ ನೀವ ಒರಸಿದ್ರಿ, ಸುಮ್ಮ ಕುಂತೆ. ಇದು ನನ್ನ ಹೊಲ ಕೊಟ್ಟ ಕೆಂಪ. ತಾಕತ್ತಿದ್ರ ಇದನ್ನ ಒರಸು ಬಾ.”

ನನ್ನ ಕಾಲು ಹೇಗೆ ನಡೆದವೋ ಕಾಣೆ. ಅವಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಕೈ ಒಡ್ಡಿದೆ. ರೊಟ್ಟಿ ಮುರಿದು ಕೊಟ್ಟಳು. ಪಲ್ಯ ಸಿಹಿಯಾಗಿತ್ತು. ನಾಲ್ಕು ಮಂದಿಯ ಎದುರು ನಾನು ಬಾಯಿ ಬಿಟ್ಟದ್ದು ಅದೇ ಮೊದಲು.

“ಛಲೋ ಐತ್ರಿ. ನನಗಷ್ಟು ತೂಗ್ರಿ.”

ಬಾಳೆಹಣ್ಣಿನ ಮುದುಕಿಯೂ ಒಂದು ತುತ್ತು ಕೇಳಿ ತಿಂದಳು. ಹಲ್ಲಿಲ್ಲದ ಬಾಯಿಗೆ ಮೆತ್ತಗಾಗುತ್ತದೆ ಎಂದು ಒಪ್ಪಿಕೊಂಡಳು. ಆಮೇಲೆ ಒಬ್ಬೊಬ್ಬರೇ ಬಂದರು. ಬುಟ್ಟಿ ಖಾಲಿಯಾಗಲಿಲ್ಲ, ಅರ್ಧವಾಯಿತು. ಮೈದುನ ಬರಿ ಚಕ್ಕಡಿ ಹೊಡೆದುಕೊಂಡು ಹೋದ.

ನಮ್ಮತ್ತೆ ಅಂದು ಆ ಗಡ್ಡೆಯನ್ನು ಮನೆಯೊಳಗೆ ಬಿಡಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ನಾನೇ ಬೇಯಿಸಿಕೊಂಡು ತಿಂದೆ.

ಎಷ್ಟೋ ವರ್ಷ ಅವಳ ಗಡ್ಡೆ ಸಂತೆಗೆ ಬಂತು. ಒಂದು ಬೇಸಿಗೆಯಲ್ಲಿ ಬೇವಿನ ಬುಡ ಖಾಲಿ ಇತ್ತು. ಕೇಳಿದರೆ, ತೀರಿಕೊಂಡಳು ಎಂದರು… ಈಗ ಆ ಬಾವಿಯ ದಂಡೆಯ ತನಕ ಕಬ್ಬೇ ನಿಂತಿದೆ. ಅವಳ ಜೀವ ಇರುವ ತನಕ ಮಾತ್ರ ಅದು ಅಲ್ಲಿ ಕಾಲಿಡಲಿಲ್ಲ.

ನಿಮ್ಮ ಅಜ್ಜ ಹೋದ ಮೇಲೆ ನನ್ನ ಹಣೆಯೂ ಬರಿದಾಗಿದೆ. ನಾಡಿದ್ದು ನಿಮ್ಮಕ್ಕನ ಮದುವೆಯಲ್ಲಿ ಅರಿಸಿನ ಹಚ್ಚುವಾಗ ನಾನು ಒಳಮನೆಯಲ್ಲಿರಬೇಕು ಎಂದು ಹಿರಿಯರು ಹೇಳಿಕಳಿಸಿದ್ದಾರೆ. ನೋಡಲು ಆ ಬೇವಿನ ಬುಡದ ಅಕ್ಕ ಇಲ್ಲ, ಅದೊಂದು ಕೊರಗು. ಮೊದಲ ಅರಿಸಿನ ನಾನೇ ಹಚ್ಚುತ್ತೇನೆ.