ರೋಸಾ ಆಂಟಿಯ ಚಪ್ಪಟೆ ಬಿಸ್ಕತ್ತು

ಅಂಚೆಯಲ್ಲಿ ಬಂದ ತಗಡಿನ ಡಬ್ಬಿಯ ಮುಚ್ಚಳ ತೆಗೆದೊಡನೆ ಕಹಿಬಾದಾಮಿಯ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ಮೊದಲು ವಾರೆನ್ ಎಂಬ ಊರಿನಲ್ಲಿದ್ದಾಗ ಪಕ್ಕದ ಮನೆಯಲ್ಲಿದ್ದ ರೋಸಾ ಆಂಟಿ ಕಳಿಸಿದ್ದು. ಒಳಗೆ ಏನಿರುತ್ತದೆಂದು ವಾಸನೆಯೇ ಹೇಳಿತ್ತು. ಅಮರೆಟ್ಟಿ. ಬಾದಾಮಿ ಪುಡಿ, ಸಕ್ಕರೆ, ಕಡೆದ ಮೊಟ್ಟೆಯ ಬಿಳಿ, ಇಷ್ಟನ್ನು ಸೇರಿಸಿ ಬೇಯಿಸುವ ಇಟಲಿಯವರ ಹಬ್ಬದ ಬಿಸ್ಕತ್ತು. ಮೇಲೆ ಬಿರುಕು ಬಿಟ್ಟು, ಒಳಗೆ ಮೆತ್ತಗಿದ್ದು, ಗುಂಡಗೆ ಉಬ್ಬಿರಬೇಕು. ಡಬ್ಬಿಯಲ್ಲಿದ್ದವು ಉಬ್ಬಿರಲಿಲ್ಲ. ಅಂಚು ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡು, ಚಪ್ಪಟೆಯಾಗಿ ಮಲಗಿದ್ದವು.

ನನಗೆ ನಿಜಕ್ಕೂ ಭಯವಾಯಿತು. ರೋಸಾ ಆಂಟಿಯ ಕೈಯಲ್ಲಿ ಇಂಥದ್ದು ಆಗುವುದುಂಟೇ? ಕಣ್ಣು ಮಂಜಾಯಿತೋ, ಕೈ ನಡುಗುತ್ತಿದೆಯೋ, ಸಕ್ಕರೆಯ ಅಳತೆ ಮರೆತುಹೋಯಿತೋ? ಫೋನ್ ಮಾಡಿ ಕೇಳಬಹುದಿತ್ತು. ಕೇಳುವ ಧೈರ್ಯ ಬರಲಿಲ್ಲ. ಈ ವರ್ಷ ಕೆಟ್ಟ ಸುದ್ದಿ ಸಾಕಾಗಿದೆ. ಬೇಸಿಗೆಯಲ್ಲಿ, ಚಿಕಾಗೋ ಪಕ್ಕದ ಲೊಂಬಾರ್ಡಿನ ಇದೇ ಮನೆಯಲ್ಲಿ ಅತ್ತೆ ತೀರಿಕೊಂಡರು. ಹಾಗಾಗಿ ನಮಗೆ ಈ ಸಲ ದೀಪಾವಳಿಯಿಲ್ಲ. ಬಾಣಲೆ ಇಡಲಿಲ್ಲ, ಸಿಹಿ ಮಾಡಲಿಲ್ಲ. ಡಬ್ಬಿ ಬಂದದ್ದು ಸರಿಯಾಗಿ ಆ ವಾರವೇ.

ಆಮೇಲೆ ನಾನು ಏನು ಮಾಡಿದೆ ಹೇಳಿದರೆ ನಗುತ್ತೀರಿ. ಡಬ್ಬಿಯನ್ನು ತೆಗೆದುಕೊಂಡು ಹೋಗಿ ಗರಾಜಿನಲ್ಲಿಟ್ಟೆ. ಮೊಟ್ಟೆ ಇರುವ ಪದಾರ್ಥ ಅತ್ತೆಯ ಫೋಟೋ ಇರುವ ಕಡೆ ಇರಬಾರದು ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಬೇಕಾದವರೇ ಫೋಟೋದಲ್ಲಿದ್ದರು. ಆದರೂ ಕಾಲು ತಾನಾಗಿಯೇ ಅತ್ತ ನಡೆಯಿತು.

ಈ ದೇಶದಲ್ಲಿ ನಮ್ಮವರ ಮನೆಗಳಲ್ಲಿ ಗರಾಜ್ ಎಂದರೆ ಎರಡನೆಯ ಅಡುಗೆಮನೆ ಎಂಬುದು ನಿಮಗೂ ಗೊತ್ತಿರಬಹುದು. ಕಾರಿಗೆ ಜಾಗ ಉಳಿದರೆ ಅದರ ಪುಣ್ಯ. ಒಗ್ಗರಣೆ ಘಾಟು, ಬಜ್ಜಿ ಕರಿದ ಎಣ್ಣೆಯ ವಾಸನೆ ಚಳಿಗಾಲದ ಕೋಟುಗಳಿಗೆ ಹತ್ತಿ ಆಫೀಸಿನವರೆಗೂ ಹೋಗುತ್ತದೆಂದು ಅಲ್ಲೊಂದು ಒಲೆ ಇಟ್ಟುಕೊಂಡಿರುತ್ತೇವೆ. ವಾರೆನ್‌ನ ಮನೆಯಲ್ಲಿ ನಮ್ಮ ಗರಾಜಿಗೆ ಇನ್ನೊಂದು ಕೆಲಸವೂ ಇತ್ತು. ಅತ್ತೆ ಮೊಟ್ಟೆ ಮುಟ್ಟಿದವರಲ್ಲ. ಮಗಳ ಹುಟ್ಟುಹಬ್ಬದ ಕೇಕ್ ಗರಾಜಿನಲ್ಲೇ ಇಳಿದು, ಗರಾಜಿನಲ್ಲೇ ಕತ್ತರಿಸಿಕೊಳ್ಳುತ್ತಿತ್ತು. ಅದರಲ್ಲಿ ಮೊಟ್ಟೆ ಇದೆಯೆಂದು ನಾವು ಹೇಳುತ್ತಿರಲಿಲ್ಲ, ಅವರು ಕೇಳುತ್ತಲೂ ಇರಲಿಲ್ಲ. ಬಾಗಿಲಲ್ಲಿ ನಿಂತು ಚಪ್ಪಾಳೆ ಮಾತ್ರ ತಟ್ಟುತ್ತಿದ್ದರು.

ಪ್ರತಿ ಡಿಸೆಂಬರ್‌ನಲ್ಲೂ ರೋಸಾ ಆಂಟಿ ಒಂದು ತಟ್ಟೆ ತುಂಬ ಅಮರೆಟ್ಟಿ ತಂದುಕೊಡುತ್ತಿದ್ದರು. ಅತ್ತೆ ಎರಡೂ ಕೈ ಚಾಚಿ ತೆಗೆದುಕೊಂಡು, "ಚೆನ್ನಾಗಿದೀರಾ? ಮೊಣಕಾಲು ನೋವು ಹೇಗಿದೆ?" ಎಂದು ಕನ್ನಡದಲ್ಲೇ ವಿಚಾರಿಸಿ, ಆಕೆ ಅತ್ತ ಹೋದ ಮೇಲೆ ತಟ್ಟೆಯನ್ನು ಗರಾಜಿಗೆ ಸಾಗಿಸುತ್ತಿದ್ದರು. ಖಾಲಿ ತಟ್ಟೆ ಹಿಂದಿರುಗಿಸುವುದು ನಮ್ಮಲ್ಲಿಲ್ಲವಲ್ಲ, ಅದರ ತುಂಬ ಕೋಡುಬಳೆ ಹೋಗುತ್ತಿತ್ತು. ಆಂಟಿಯ ಗಂಡ ಸಾಲ್ ಅಂಕಲ್ ಅದನ್ನು ಬಿಯರ್ ಜೊತೆ ಕಡಿಯುತ್ತಿದ್ದರು. ಅತ್ತೆಗೆ ಆ ಸಂಗತಿ ತಿಳಿಯದಂತೆ ನಾವೆಲ್ಲ ನೋಡಿಕೊಂಡೆವು. ಅಂಕಲ್ ಕಾರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಹಿಮ ಬಿದ್ದ ಬೆಳಗ್ಗೆ ತಮ್ಮ ಮನೆಯ ಮುಂದಿನ ಹಿಮ ತೆಗೆದು, ಹಾಗೇ ಯಂತ್ರ ತಳ್ಳಿಕೊಂಡು ಬಂದು ನಮ್ಮ ಡ್ರೈವ್‌ವೇಯನ್ನೂ ಬಳಿದು ಹೋಗುತ್ತಿದ್ದರು. ಥ್ಯಾಂಕ್ಸ್ ಹೇಳಲು ಬಾಗಿಲು ತೆಗೆಯುವಷ್ಟರಲ್ಲಿ ಅವರು ಇರುತ್ತಿರಲಿಲ್ಲ.

ಆರ್ಥಿಕ ಕುಸಿತದ ಆ ಚಳಿಗಾಲ ಅಂಕಲ್ ಇರಲಿಲ್ಲ. ಅಕ್ಟೋಬರ್‌ನಲ್ಲಿ, ಎಲೆ ಗುಡಿಸುತ್ತ ಇದ್ದವರು ಅಂಗಳದಲ್ಲೇ ಕುಸಿದಿದ್ದರು. ಅದಾಗಿ ಕೆಲವೇ ದಿನಕ್ಕೆ ನನ್ನ ಗಂಡನ ಕೆಲಸ ಹೋಯಿತು. ರಾಚೆಸ್ಟರ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿ ಅವರದು. ಇಡೀ ವಿಭಾಗವನ್ನೇ ಮುಚ್ಚಿದರು. ಬೀದಿಯಲ್ಲಿ ಮನೆ ಬಿಟ್ಟು ಮನೆಗೆ ಮಾರಾಟದ ಬೋರ್ಡು ಎದ್ದಿತ್ತು. ಎಲ್ಲರೂ ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ಯಾರೂ ಯಾರನ್ನೂ "ಆಫೀಸು ಹೇಗಿದೆ" ಎಂದು ಕೇಳುತ್ತಿರಲಿಲ್ಲ, ಬಿಸಿಬೇಳೆಬಾತಿಗೆ ತುಪ್ಪ ಹೆಚ್ಚಾಯಿತೇ ಎಂಬುದರ ಮೇಲೆ ಗಂಟೆಗಟ್ಟಲೆ ಮಾತಾಡುತ್ತಿದ್ದೆವು. ನನ್ನ ಗಂಡ ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಕೇಳುವ ಮೊದಲೇ "ಚಿಕಾಗೋ ಕಡೆ ಅಪ್ಲೈ ಮಾಡಿದೀನಿ, ನೋಡೋಣ" ಎನ್ನುತ್ತಿದ್ದರು.

ಡಿಸೆಂಬರ್ ಅರ್ಧ ಕಳೆದರೂ ಪಕ್ಕದ ಮನೆಯಿಂದ ಬಾದಾಮಿಯ ವಾಸನೆ ಬರಲಿಲ್ಲ. ಒಂದು ಮಧ್ಯಾಹ್ನ ಕೋಡುಬಳೆ ಹಿಡಿದು ನಾನೇ ಹೋದೆ. ರೋಸಾ ಆಂಟಿ ಕೋಟು ಹಾಕಿಕೊಂಡೇ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದರು.

"ಈ ವರ್ಷ ನಾನು ಓವನ್ ಹಚ್ಚೋ ಹಾಗಿಲ್ಲ" ಎಂದರು. "ನಮ್ಮಮ್ಮನ ಊರಿನ ಪದ್ಧತಿ. ಸಾವಾದ ಮನೇಲಿ ಕ್ರಿಸ್‌ಮಸ್‌ಗೆ ಸಿಹಿ ಮಾಡಲ್ಲ. ಬೇರೆ ಮನೆಯವರು ತಂದುಕೊಡ್ತಾರೆ. ನಮ್ಮಪ್ಪ ಹೋದ ವರ್ಷ ಮೇಜಿನ ಮೇಲೆ ತಟ್ಟೆ ಇಡೋಕೆ ಜಾಗ ಇರಲಿಲ್ಲ. ಅದನ್ನ ನೋಡಿ ನಮ್ಮಮ್ಮ, ಜನ ನಿಮ್ಮಪ್ಪನ್ನ ಮರೆತಿಲ್ಲ ಅಂತ ಅತ್ತರು."

ಇಬ್ಬರೂ ಆ ಮೇಜನ್ನು ನೋಡಿದೆವು. ನನ್ನ ಕೋಡುಬಳೆ ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ಬೀದಿಯ ಇಟಲಿಯವರಲ್ಲಿ ಕೆಲವರು ಸತ್ತಿದ್ದರು, ಉಳಿದವರು ಮನೆ ಮಾರಿ ಹೋಗಿದ್ದರು. ಆಂಟಿಯ ಮಗ ಕೆಲಸ ಹುಡುಕಿಕೊಂಡು ಟೆಕ್ಸಸ್ಸಿಗೆ ಹೋಗಿದ್ದ. "ಯಾರು ತರ್ತಾರೆ, ಹೇಳು" ಎಂದು ಆಂಟಿ ಮೇಜನ್ನು ಅಂಗೈಯಿಂದ ಒರೆಸಿದರು. ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿದರು.

"ನಮ್ಮಲ್ಲೂ ಹಾಗೇ ಅಲ್ವೇನೇ? ನಿಮ್ಮ ಮಾವ ಹೋದ ವರ್ಷ ಯುಗಾದಿ ದಿನ ಪಕ್ಕದ ಮನೆ ಶಾರದಮ್ಮ ಒಬ್ಬಟ್ಟು ತಂದು ಬಾಗಿಲಲ್ಲಿ ನಿಂತ್ರು. ನಾನು ಬೇಡ ಅಂದೆ. 'ನೀವು ಮಾಡೋ ಹಾಗಿಲ್ಲ ಅಷ್ಟೆ, ತಿನ್ನಬಾರದು ಅಂತ ಯಾರು ಹೇಳಿದ್ರು?' ಅಂದ್ರು. ಅವತ್ತು ಅವರು ಬರದೇ ಇದ್ದಿದ್ರೆ ನಾನೇನಾಗ್ತಿದ್ನೋ."

"ಹಾಗಾದ್ರೆ ನಾವೂ ಒಬ್ಬಟ್ಟು ಮಾಡಿ ಕೊಡೋಣ್ವಾ ಅಮ್ಮಾ?"

"ಒಬ್ಬಟ್ಟು ಯಾಕೆ? ಅವಳ ಹಬ್ಬಕ್ಕೆ ಅವಳ ಮನೆ ತಿಂಡಿನೇ ಆಗ್ಬೇಕು."

"ಅದಕ್ಕೆ ಮೊಟ್ಟೆ ಬೇಕಲ್ಲಮ್ಮಾ."

ಅತ್ತೆ ಮತ್ತೆ ಸೊಪ್ಪು ಕೈಗೆತ್ತಿಕೊಂಡು, "ಗರಾಜ್ ಇದೆಯಲ್ಲ" ಎಂದರು.

ಹೀಗೆ ನಮ್ಮ ಬೇಕರಿ ಶುರುವಾಯಿತು. ನನ್ನ ಗಂಡ ಚಿಕ್ಕ ಟೋಸ್ಟರ್ ಓವನ್ನನ್ನು ಗರಾಜಿಗೆ ಇಳಿಸಿಕೊಟ್ಟರು. ವಾರಗಳ ಮೇಲೆ ಅವರು ಲ್ಯಾಪ್‌ಟಾಪ್ ಮುಚ್ಚಿ ಎದ್ದದ್ದು ಆಗಲೇ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ನಾನು ಕೋಟು, ಟೋಪಿ ಹಾಕಿಕೊಂಡು ಮೊಟ್ಟೆ ಒಡೆಯುತ್ತಿದ್ದೆ. ಅತ್ತೆ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು ಹೊದ್ದು, ಮಡಿಸುವ ಕುರ್ಚಿಯಲ್ಲಿ ಕೂತು, ಮೊಟ್ಟೆಯ ಕಡೆಗೆ ನೋಡದೆ ಮೇಲ್ವಿಚಾರಣೆ ಮಾಡುತ್ತಿದ್ದರು. ಮಗಳು ಬಾಗಿಲಿಂದ ಇಣುಕಿ "ಅಜ್ಜಿ, ದಟ್ಸ್ ಎಗ್!" ಎಂದು ಕೂಗಿದಳು. "ಗೊತ್ತು, ಬಾಗಿಲು ಹಾಕು, ಚಳಿ ಬರತ್ತೆ" ಎಂದರು ಅತ್ತೆ.

ಬಾದಾಮಿಯ ಹೊಣೆ ಅವರದು. ಅಡುಗೆಮನೆಯಲ್ಲಿ ಬಿಸಿನೀರಲ್ಲಿ ನೆನೆಸಿ, ಸಿಪ್ಪೆ ಸುಲಿದು, ಬಾದಾಮಿ ಹಲ್ವಕ್ಕೆ ರುಬ್ಬುವ ಹಾಗೆ, ಬೆಣ್ಣೆಯಂತೆ ನುಣ್ಣಗೆ ರುಬ್ಬಿಕೊಟ್ಟರು. ಬೇಕಾದದ್ದು ಒಣಪುಡಿ ಎಂದು ನನಗಾದರೂ ಹೊಳೆಯಬೇಡವೇ? ಬಾದಾಮಿ ಎಂದರೆ ನೆನೆಸಬೇಕು, ನೆನೆಸಿದರೆ ರುಬ್ಬಬೇಕು. ನಮ್ಮ ಕೈಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಓವನ್ನಿನ ಬಾಗಿಲು ತೆಗೆದರೆ ಉಂಡೆಗಳೆಲ್ಲ ಕರಗಿ, ಹರಡಿ, ಒಂದೇ ದೊಡ್ಡ ದೋಸೆಯಾಗಿ ಕೂತಿದ್ದವು.

ಅತ್ತೆ ಅದನ್ನು ನೋಡಿ ಮೊದಲು ನಕ್ಕರು, ಆಮೇಲೆ ಅವರ ಮುಖ ಸಪ್ಪಗಾಯಿತು. "ಇದನ್ನ ಕೊಟ್ರೆ ಅವಳು ತಿಂತಾಳೆ, ಒಳ್ಳೆಯವಳು. ಆದ್ರೆ ಅವರ ಯಜಮಾನ್ರಿಗೆ ಅಂತ ಮಾಡಿದ್ದು ಹೀಗಿರಬಾರದು" ಎಂದರು. ಆಂಟಿಯನ್ನೇ ಕೇಳೋಣವೆಂದರೆ, ತಂದುಕೊಡುವವರು ತಗೊಳ್ಳುವವರನ್ನು ಕೇಳಿ ಮಾಡುವುದುಂಟೇ? ಹಿಂದಿನ ವರ್ಷ ಅವರ ಮನೆಯಲ್ಲಿ ಬಿಸಿಗಾಳಿ ಬರುವ ನೆಲದ ಜಾಲರಿಯ ಪಕ್ಕ ಕಾಗದದ ಮೇಲೆ ಬಾದಾಮಿ ಹರಡಿದ್ದನ್ನು ನೆನಪಿಸಿಕೊಂಡೆ. ನಾವೂ ಹರಡಿದೆವು. ಮರುದಿನ ಗರಿಗರಿಯಾದ ಬಾದಾಮಿಯನ್ನು ಒಣಪುಡಿ ಮಾಡಿದೆವು. ಈ ಸಲ ಉಬ್ಬಿದವು, ಮೇಲೆ ಬಿರುಕೂ ಬಿಟ್ಟವು. ಅತ್ತೆ ಚಪ್ಪಾಳೆ ತಟ್ಟಿದರು.

ತಟ್ಟೆ ತೆಗೆದುಕೊಂಡು ಇಬ್ಬರೂ ಹೋದೆವು. ಸೀರೆ, ಸ್ನೀಕರ್ಸ್, ನನ್ನ ಗಂಡನ ಕೋಟು ತೊಟ್ಟ ಅತ್ತೆ ಹಿಮದಲ್ಲಿ ನನ್ನ ತೋಳು ಹಿಡಿದು ಹೆಜ್ಜೆ ಇಟ್ಟರು. ಬಾಗಿಲು ತೆಗೆದ ರೋಸಾ ಆಂಟಿ ತಟ್ಟೆಯನ್ನು ನೋಡಿದರು, ನಮ್ಮನ್ನು ನೋಡಿದರು, ಕೈ ಚಾಚಿ ತಟ್ಟೆ ತೆಗೆದುಕೊಂಡರು. ಒಳಗೆ ಹೋಗಿ ಮೊದಲನೆಯದನ್ನು ಮೇಜಿನಾಚೆ ಖಾಲಿ ಕುರ್ಚಿಯ ಎದುರಿಗೆ, ಒಂದು ಚಿಕ್ಕ ಬಸಿಯಲ್ಲಿಟ್ಟರು.

"ನೋಡೇ, ಎಡೆ ಇಟ್ಟಳು" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು.

ಆಮೇಲೆ ಆಂಟಿ ಒಂದನ್ನು ತೆಗೆದು ಅತ್ತೆಯ ಕೈಗಿತ್ತರು. ತಂದವರು ಜೊತೆಗೆ ತಿನ್ನಬೇಕಂತೆ. ಅತ್ತೆ ಬೇಡವೆನ್ನಲಿಲ್ಲ. ಕಣ್ಣಿಗೊತ್ತಿಕೊಂಡು, ಅಂಗೈಯಲ್ಲೇ ಹಿಡಿದುಕೊಂಡು ಕೂತರು. ಆಂಟಿ ಕಾದರು. ಕೊನೆಗೆ ನಾನೇ ಹೇಳಬೇಕಾಯಿತು, ಇದರಲ್ಲಿ ಮೊಟ್ಟೆಯಿದೆ, ಇವರು ಹುಟ್ಟಿದಾಗಿನಿಂದ ತಿಂದಿಲ್ಲ ಎಂದು.

"ತಾವು ತಿನ್ನದೇ ಇರೋದನ್ನ ನನಗೋಸ್ಕರ ಮಾಡಿದರಾ?" ಎಂದು ಕೇಳಿದರು ಆಂಟಿ. ಅಂಕಲ್ ಮಣ್ಣಾದ ದಿನವೂ ಗಟ್ಟಿಯಾಗಿ ನಿಂತಿದ್ದ ಆಕೆ ಆಗ ಜೋರಾಗಿ ಅತ್ತರು. ಅತ್ತೆ ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದೇ ಇನ್ನೊಂದು ಕೈಯಿಂದ ಅವರ ಬೆನ್ನು ಸವರಿದರು. "ಅತ್ತುಬಿಡು ತಾಯಿ, ಅತ್ತುಬಿಡು" ಎಂದು ಕನ್ನಡದಲ್ಲೇ ಹೇಳುತ್ತಿದ್ದರು. ನಾನು ಅನುವಾದ ಮಾಡಲಿಲ್ಲ.

ವಸಂತ ಬರುವಷ್ಟರಲ್ಲಿ ಗಂಡನಿಗೆ ಚಿಕಾಗೋ ಕಡೆ ಕೆಲಸ ಸಿಕ್ಕಿತು. ಸಾಮಾನು ಕಟ್ಟಿ ಲೊಂಬಾರ್ಡಿಗೆ ಬಂದೆವು. ಆಂಟಿ ಮಾತ್ರ ಆ ಮನೆ ಬಿಟ್ಟು ಕದಲಲಿಲ್ಲ. ವರ್ಷಕ್ಕೊಂದೆರಡು ಸಲ ಫೋನ್. ಅತ್ತೆಯ ಸುದ್ದಿ ತಿಳಿಸಿದಾಗ ಆಂಟಿಗೆ "ಈ ವರ್ಷ ನಮಗೆ ಹಬ್ಬ ಇಲ್ಲ" ಎಂದು ನಾನು ಮಾತಿಗೆ ಹೇಳಿದ್ದೆ.

ಇಷ್ಟೆಲ್ಲ ನೆನಪಾದ ಮೇಲೆ ಫೋನ್ ಮಾಡದೆ ಇರಲಾಗಲಿಲ್ಲ. ಡಬ್ಬಿ ತಲುಪಿತು ಎಂದೆ.

"ಚಪ್ಪಟೆಯಾಗಿಬಿಟ್ಟವು ಅಲ್ವಾ?" ಆಂಟಿಯ ದನಿ ದಣಿದಿತ್ತು, ಆದರೆ ಸ್ಪಷ್ಟವಾಗಿತ್ತು. "ಮೂರು ಸಲ ಮಾಡಿದೆ, ಮೂರು ಸಲಾನೂ ಹಾಗೇ. ನಿನ್ನ ಹಬ್ಬ ಯಾವತ್ತು ಅಂತ ಮೊಮ್ಮಗಳು ಹುಡುಕಿ ಹೇಳಿದಳು. ಕಾಬೂಲಿ ಕಡಲೆ ಬೇಯಿಸಿದ ನೀರನ್ನ ಕಡೆದರೆ ನೊರೆ ಬರುತ್ತೆ ಅಂತಾನೂ ಅವಳೇ ಹೇಳಿದ್ದು. ನನಗದು ಒಗ್ಗಲಿಲ್ಲ. ನೋಡೋಕೆ ಚೆನ್ನಾಗಿಲ್ಲ, ಆದರೆ ಮೊಟ್ಟೆ ಇಲ್ಲ. ಅವರಿಗೆ ಇಡು."

ಫೋನ್ ಇಟ್ಟು ಗರಾಜಿಗೆ ಹೋದೆ. ಡಬ್ಬಿ ಚಳಿಗೆ ತಣ್ಣಗಾಗಿತ್ತು. ಅದನ್ನು ಎದೆಗವಚಿಕೊಂಡು ಒಳಗೆ ತಂದು, ಅಂಟಿಕೊಂಡಿದ್ದ ಒಂದನ್ನು ಮುರಿಯದಂತೆ ಬಿಡಿಸಿ, ಬಸಿಯಲ್ಲಿಟ್ಟು, ಅತ್ತೆಯ ಫೋಟೋದ ಮುಂದೆ ಇಟ್ಟೆ. "ತಿನ್ನಿ ಅಮ್ಮಾ, ಇದನ್ನ ನೀವು ತಿನ್ನಬಹುದು" ಎಂದು ಬಾಯಿಬಿಟ್ಟೇ ಹೇಳಿದೆ. ಆಮೇಲೆ ನಾನೂ ಒಂದು ತಿಂದೆ.